ಅಂಗೈ ಮೇಲೆ ನಿಂತ ಕಾಯಿ

ಸಂದರ್ಶನಕ್ಕೆ ಹೊರಟಿದ್ದ ಮಗಳ ಚೀಲದೊಳಗೆ ಶಿವಬಸಮ್ಮ ಸುಲಿದ ತೆಂಗಿನಕಾಯಿಯೊಂದನ್ನು ತುರುಕಿದಳು. ಬಳ್ಳಾರಿಯಲ್ಲಿ ಬಸ್ಸಿಳಿದವಳೇ ಮೊದಲು ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಬೇಕು, ಆಮೇಲೆ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದು ಅವಳ ಅಪ್ಪಣೆ. ಚೀಲದಲ್ಲಿ ಆಗಲೇ ಬಿ.ಎಸ್ಸಿ. ಪ್ರಮಾಣಪತ್ರ, ಗುಡ್ಡ ಸುತ್ತುವಾಗ ಬರೆದ ನೋಟುಬುಕ್ಕು, ಬಣ್ಣದ ಪೆನ್ಸಿಲಿನಲ್ಲಿ ತಾನೇ ಬರೆದ ಕುರುಗೋಡಿನ ಭೂನಕ್ಷೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಐದು ಕಲ್ಲುಗಳು ಇದ್ದವು.

"ಕಲ್ಲು ಬ್ಯಾರೆ ಹೊತ್ಕೊಂಡು ಹೊಂಟೀಯಲ್ಲ, ಬಳ್ಳಾರ್ಯಾಗ ಕಲ್ಲಿಗೆ ಬಡತನ ಬಂದೈತೇನು?" ಎಂದಳು ಶಿವಬಸಮ್ಮ.

"ಕಾಯಿ ಭಾರ ಆಗತೈತಿ ಯವ್ವ, ತಗಿ. ಹಿಂದ ಐದು ಸಲ ಹೋದಾಗೂ ಕಾಯಿ ಒಡಸೀನಿ. ಏನಾತು ಅದರಿಂದ?"

"ಚಟ್ನಿ ಆತಲ್ಲ."

ಅಕ್ಕನಾಗಮ್ಮ ಕಾಯಿಯ ಸಮೇತ ಚೀಲದ ಬಾಯಿ ಕಟ್ಟಿದಳು.

ಎಂಬತ್ತಮೂರನೆಯ ಇಸವಿಯ ಮಾರ್ಚ್ ತಿಂಗಳು. ಅಕ್ಕನಾಗಮ್ಮನಿಗೆ ಇಪ್ಪತ್ತನಾಲ್ಕು ನಡೆಯುತ್ತಿತ್ತು. ಆರು ವರ್ಷದ ಹಿಂದೆ ಅವಳು ಬಳ್ಳಾರಿಯ ಕಾಲೇಜಿಗೆ ಸೇರಲು ಹೋದಾಗ ಸಸ್ಯಶಾಸ್ತ್ರದ ಸೀಟುಗಳೆಲ್ಲ ತುಂಬಿದ್ದವು. ಗುಮಾಸ್ತ ತಲೆ ಎತ್ತದೆ, "ಭೂವಿಜ್ಞಾನದಾಗ ಜಾಗ ಐತಿ, ಬರಕೊಳ್ಳಲೇನು?" ಎಂದು ಕೇಳಿದ್ದ. ತಂದೆ ಮರಿಬಸಪ್ಪ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವಿದೆಯೆಂದು ಕೇಳಿದವನ ಹಾಗೆ ಸಂತೋಷಪಟ್ಟು, "ಬರಕೋರಿ" ಎಂದಿದ್ದ. ಹೀಗೆ ಹನ್ನೊಂದು ಹುಡುಗರ ನಡುವೆ ಅವಳೊಬ್ಬಳೇ ಹುಡುಗಿಯಾಗಿ ಕಲ್ಲು ಓದತೊಡಗಿದಳು.

ಮೊದಲ ದಿನ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆದದ್ದು ಅವಳಿಗೆ ಇನ್ನೂ ನೆನಪಿದೆ. ಗಣಿ, ಎಣ್ಣೆ, ಸಿಮೆಂಟು, ಅಣೆಕಟ್ಟು, ಅಂತರ್ಜಲ. ಈ ಶಾಸ್ತ್ರ ಓದಿದವರನ್ನು ಕೆಲಸವೇ ಹುಡುಕಿಕೊಂಡು ಬರುತ್ತದೆ ಎಂದಿದ್ದರು. ಓದಿದ ಹನ್ನೊಂದು ಹುಡುಗರಲ್ಲಿ ಇಬ್ಬರು ಸಂಡೂರಿನ ಕಡೆ ಗಣಿಗಳಲ್ಲಿ ಹೋಗಿ ಬರುವ ಲಾರಿಗಳನ್ನು ಎಣಿಸುತ್ತಿದ್ದರು. ಮೂವರು ಬ್ಯಾಂಕಿಗೆ, ಒಬ್ಬ ಪೊಲೀಸಿಗೆ ಸೇರಿದ್ದರು. ತರಗತಿಗೇ ಮೊದಲಿಗನಾದವನು ಮಾವನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ. ಅಕ್ಕನಾಗಮ್ಮನನ್ನು ಐದು ಕಡೆ ಕರೆದು ಐದು ಕಡೆಯೂ ಕಳಿಸಿಕೊಟ್ಟಿದ್ದರು. ಗಣಿಯೊಳಗೆ ಹೆಂಗಸರು ಇಳಿಯುವಂತಿಲ್ಲ. ಎಣ್ಣೆ ಹುಡುಕುವವರು ಡೇರೆಯಲ್ಲಿ ಮಲಗಬೇಕು. ಅಣೆಕಟ್ಟಿನ ಕಡೆ ಹೆಂಗಸರಿಗೆ ಬೇರೆ ಶೌಚಾಲಯವಿಲ್ಲ. ಭೂಮಿ ಹುಟ್ಟಿ ಕೋಟ್ಯಂತರ ವರ್ಷವಾದರೂ ಅದರ ಮೇಲೆ ತನಗಾಗಿ ಒಂದು ಶೌಚಾಲಯ ಕಟ್ಟುವಷ್ಟು ಜಾಗ ಯಾರಿಗೂ ಸಿಕ್ಕಿಲ್ಲವಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಈಗ ಉಳಿದಿದ್ದದ್ದು ನೀರಿನ ಇಲಾಖೆ. ಸಹಾಯಕ ಭೂವಿಜ್ಞಾನಿಯ ಒಂದೇ ಒಂದು ಹುದ್ದೆ, ಹಳ್ಳಿಹಳ್ಳಿ ತಿರುಗಿ ಬಾವಿಗೆ ಜಾಗ ಗುರುತು ಮಾಡುವ ಕೆಲಸ.

"ಇದು ಆದ್ರ ಆತು. ಇಲ್ಲಾಂದ್ರ ಸೋಮವಾರ ಸಿರುಗುಪ್ಪಕ್ಕ ಹೋಗಿ ಆ ಸಾಲ್ಯಾಗ ಹೊಲಿಗಿ ಟೀಚರಾಗಿ ಸೇರಿಬಿಡು. ಸೋಮವಾರ ದಾಟಿದ್ರ ಅದೂ ಇಲ್ಲಂತ ಕಾಗದ ಬರದಾರ," ಎಂದು ಮರಿಬಸಪ್ಪ ಹೇಳಿದ್ದ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾದಿಸಬಹುದಿತ್ತು.

ಅಕ್ಕನಾಗಮ್ಮನಿಗೆ ಹೊಲಿಗೆಯ ಮೇಲೆ ದ್ವೇಷವೇನಿರಲಿಲ್ಲ. ಆದರೆ ಅವಳಿಗೆ ನಡೆಯುವುದು ಬೇಕಾಗಿತ್ತು. ಕಾಲೇಜಿನಿಂದ ಗುಡ್ಡ ನೋಡಲು ಕರೆದುಕೊಂಡು ಹೋದ ಮೊದಲ ದಿನವೇ ಅದು ಗೊತ್ತಾಗಿತ್ತು. ಸೊಂಟದ ಮೇಲೆ ಕೊಡವಿಲ್ಲದೆ, ತಲೆಯ ಮೇಲೆ ಪುಟ್ಟಿಯಿಲ್ಲದೆ, ಕೈಯಲ್ಲೊಂದು ಸುತ್ತಿಗೆ ಮಾತ್ರ ಹಿಡಿದು ಎಂಟು ಮೈಲಿ ನಡೆದದ್ದು ಅವಳ ಜೀವನದಲ್ಲಿ ಅದೇ ಮೊದಲು. ಎಲ್ಲಿಗೆ ಹೊಂಟಿ ಎಂದು ಯಾರಾದರೂ ಕೇಳಿದರೆ, ಕಲ್ಲು ನೋಡಾಕ ಎಂದರೆ ಸಾಕಿತ್ತು. ಅಂಥ ಉತ್ತರ ಇಟ್ಟುಕೊಂಡಿದ್ದ ಹೆಂಗಸನ್ನು ಅವಳು ಕುರುಗೋಡಿನಲ್ಲಿ ಕಂಡಿರಲಿಲ್ಲ. ಆ ಉತ್ತರವನ್ನು ಕೊನೆತನಕ ಇಟ್ಟುಕೊಳ್ಳಬೇಕು ಎಂಬುದಷ್ಟೇ ಅವಳ ಆಸೆ.

ಒಂಬತ್ತು ಗಂಟೆಯ ಬಸ್ಸಿಗೆ ಹೊರಟು ಹೊಸಿಲು ದಾಟಿದಳು. ಎದುರಿಗೆ ಒಂದು ದೊಡ್ಡ ಲಾರಿ ನಿಂತಿತ್ತು.

ಅದು ಬೋರು ಕೊರೆಯುವ ಲಾರಿ. ಗುಡ್ಡದ ಬುಡದ ಈ ಓಣಿಯ ಹೆಂಗಸರು ಅರ್ಧ ಮೈಲಿ ದೂರದ ಬಾವಿಯಿಂದ ನೀರು ಹೊರುತ್ತ ಎರಡು ತಲೆಮಾರು ಕಳೆದಿದ್ದರು. ಪಂಚಾಯಿತಿಗೆ ಒಂದು ಬೋರು ಮಂಜೂರಾಗಿ, ಲಾರಿ ಬರುವ ದಿನ ನಾಲ್ಕು ಸಲ ಮುಂದೆ ಹೋಗಿ, ಕೊನೆಗೆ ಅದು ಬಂದದ್ದು ಅಂದೇ. ಲಾರಿಯ ಸುತ್ತ ಓಣಿಗೆ ಓಣಿಯೇ ನೆರೆದಿತ್ತು. ನಡುವೆ ಪಂಚಾಯಿತಿ ಚೇರ್ಮನ್ ಗಾದಿಲಿಂಗಪ್ಪ ಬಿಳಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

"ಹಚ್ಚೊಳ್ಳಿ ಸುಂಕಪ್ಪ ಬರಂಗಿಲ್ಲಂತ. ಜ್ವರ ಅಂತ ಹೇಳಿ ಕಳಿಸ್ಯಾನ," ಎಂದ ಅವನು.

ಜನ ನಿಟ್ಟುಸಿರು ಬಿಟ್ಟರು. ಸಿರುಗುಪ್ಪ ಸೀಮೆಯಿಂದ ಬಳ್ಳಾರಿಯವರೆಗೆ ಎಲ್ಲಿ ಬೋರು ಹಾಕಿದರೂ ಸುಂಕಪ್ಪ ಬಂದು ಅಂಗೈ ಮೇಲೆ ಕಾಯಿ ಇಟ್ಟುಕೊಂಡು ನಡೆಯಬೇಕು. ಮಲಗಿಸಿದ ಕಾಯಿ ಎಲ್ಲಿ ತಾನಾಗಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ಸುಂಕಪ್ಪನಿಲ್ಲದೆ ನೆಲಕ್ಕೆ ಕಬ್ಬಿಣ ಇಳಿಸುವುದೆಂದರೆ ಸ್ವಾಮಿಗಳಿಲ್ಲದೆ ತಾಳಿ ಕಟ್ಟಿದ ಹಾಗೆ.

ಲಾರಿಯ ಡ್ರೈವರು ಕರ್ನೂಲಿನ ಕಡೆಯವನು. "ಸಾಯಂತ್ರಮ್ ಸಿರುಗುಪ್ಪ ಪೋವಾಲಿ ಸಾಮಿ, ತ್ವರಗಾ ಚೆಪ್ಪಂಡಿ," ಎಂದು ಅವಸರ ಮಾಡಿದ. ಸಂಜೆ ಸಿರುಗುಪ್ಪಕ್ಕೆ ಹೋಗಬೇಕಾದ ಲಾರಿ ಒಮ್ಮೆ ಹೋದರೆ ಮತ್ತೆ ಬರುವುದು ಯಾವ ವರ್ಷವೋ.

ಆಗ ಗಾದಿಲಿಂಗಪ್ಪನ ಕಣ್ಣು ಚೀಲ ಹೊತ್ತು ಗೋಡೆಯ ಬದಿಯಿಂದ ಜಾರಿಕೊಳ್ಳುತ್ತಿದ್ದ ಅಕ್ಕನಾಗಮ್ಮನ ಮೇಲೆ ಬಿತ್ತು.

"ಏ, ನಮ್ಮ ಮರಿಬಸಪ್ಪನ ಮಗಳು ಇದನ್ನ ಓದ್ಯಾಳಲ್ಲ. ಬಾ ತಂಗಿ. ಎಲ್ಲಿ ಹಾಕೋಣು ಹೇಳು."

"ಕಾಕಾ, ನನಗ ಒಂಬತ್ತರ ಬಸ್ಸು ಐತಿ."

"ಬಸ್ಸು ನಿತ್ಯ ಬರತೈತಿ. ಬೋರು ಬರತೈತೇನು?"

ಅದು ನಿಜವೇ ಆಗಿತ್ತು. ಮೂರು ನಿಮಿಷದಲ್ಲಿ ಹೇಳಿ ಓಡಿದರಾಯಿತು ಎಂದುಕೊಂಡು ಅಕ್ಕನಾಗಮ್ಮ ಚೀಲದಿಂದ ನಕ್ಷೆ ತೆಗೆದಳು. ಕೊನೆಯ ವರ್ಷದ ಪರೀಕ್ಷೆಗೆಂದು ಅವಳು ಇದೇ ಗುಡ್ಡವನ್ನು ಎರಡು ತಿಂಗಳು ಸುತ್ತಿದ್ದಳು. ಉತ್ತರ ಅವಳಿಗೆ ಮೂರು ವರ್ಷದಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

"ಇಲ್ಲಿ ನೆಲದೊಳಗ ಕರಿಕಲ್ಲಿನ ಗ್ವಾಡಿ ಐತಿ ಕಾಕಾ. ಗುಡ್ಡದ ಹಿಂದ ಹೊಲದಾಗ ಕರಿಗುಂಡು ಸಾಲಾಗಿ ಬಿದ್ದಾವಲ್ಲ, ಅದರ ತುದಿ ಅದು. ಗುಡ್ಡದಿಂದ ಒಳಗ ಇಳಿದು ಬರೋ ನೀರು ಆ ಗ್ವಾಡಿಗೆ ತಡದು ನಿಲ್ಲತೈತಿ. ಗ್ವಾಡಿಯ ಈ ಕಡಿ, ಕೊಟ್ರಬಸಮ್ಮನ ಮನಿ ಪಕ್ಕದಾಗ ಹಾಕ್ರಿ."

ಎಲ್ಲರೂ ಒಟ್ಟಿಗೇ ಮಾತಾಡಿದರು.

ಕೊಟ್ರಬಸಮ್ಮನ ನಾಲಗೆಯನ್ನು ಓಣಿಯಲ್ಲಿ ಅನುಭವಿಸದವರಿರಲಿಲ್ಲ. ಅವಳ ಮನೆಯ ಮುಂದೆ ನಿಂತು ದಿನಾ ಎರಡು ಹೊತ್ತು ನೀರು ಹಿಡಿಯುವುದೆಂದರೆ ಬಾವಿಯ ದಾರಿಯೇ ವಾಸಿ ಎಂದು ಅರ್ಧ ಹೆಂಗಸರಿಗೆ ಅನ್ನಿಸಿತು. ಮೇಲಿನ ಮನೆಯ ದೊಡ್ಡಬಸಮ್ಮ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ಕೊಟ್ರಬಸಮ್ಮ ನಿನಗ ಬೆಳಿಗ್ಗೆ ಏನು ತಿನ್ನಾಕ ಕೊಟ್ಟಾಳ ನಾಗಿ? ನಾನೂ ಮಂಡಕ್ಕಿ ಒಗ್ಗರಣಿ ಮಾಡೀನಿ, ಬಾ, ತಿಂದು ಆಮ್ಯಾಲೆ ನಿನ್ನ ಗ್ವಾಡಿ ಎಲ್ಲೈತಿ ನೋಡು."

"ನನಗೇನೂ ಬ್ಯಾಡವಾ ನಿಮ್ಮ ಬೋರು," ಎಂದಳು ಕೊಟ್ರಬಸಮ್ಮ. "ನನ್ನ ಮನಿ ಬುಡಕ್ಕ ಕೆಸರು ಮಾಡಿ ಇಟ್ಟೀರಿ. ನೆಲದೊಳಗ ಗ್ವಾಡಿ ಅಂತ. ನೆಲದ ಮ್ಯಾಲಿನ ಗ್ವಾಡಿನ ನನ್ನ ಗಂಡ ಇನ್ನೂ ಪೂರಾ ಕಟ್ಟಿಲ್ಲ."

"ನೆಲದೊಳಗ ಇರೋದು ಕಣ್ಣಿಗೆ ಹೆಂಗ ಕಾಣಸ್ತು ತಂಗಿ ನಿನಗ?" ಎಂದು ಗಾದಿಲಿಂಗಪ್ಪ ಮಗುವಿಗೆ ಹೇಳುವಂತೆ ನಕ್ಕ. "ಹೋಗ್ಲಿ ಬಿಡು. ನನ್ನ ಮನಿ ಮುಂದ ಲಾರಿ ತಿರುಗಾಕ ಜಾಗ ಐತಿ. ಅಲ್ಲೇ ಹಾಕೋಣು."

ಅವನ ಮನೆ ಓಣಿಯ ಕೆಳತುದಿಯಲ್ಲಿತ್ತು. ಅಲ್ಲಿ ಅಡಿಗಡಿಗೂ ಬರೀ ಕಣಶಿಲೆ, ಎಂದರೆ ಗ್ರಾನೈಟು; ಮುನ್ನೂರು ಅಡಿ ಹೋದರೂ ಧೂಳು. ಅಕ್ಕನಾಗಮ್ಮ ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದಳು. ಮುದುಕನೊಬ್ಬ ಅದನ್ನು ತಲೆಕೆಳಗಾಗಿ ಹಿಡಿದು ಬಣ್ಣ ಬಾಳ ಚಂದ ಐತಿ ಎಂದ. ದೂರದಲ್ಲಿ ಒಂಬತ್ತರ ಬಸ್ಸಿನ ಹಾರ್ನು ಕೇಳಿ, ಹತ್ತಿರವಾಗಿ, ಮತ್ತೆ ದೂರವಾಯಿತು.

ಅವಳಿಗೆ ಸಿಟ್ಟು ಬರಲಿಲ್ಲ. ದಣಿವಾಯಿತು. ಬೆಳಗಿನ ಒಂಬತ್ತಕ್ಕೆ ಬರಬಾರದಂಥ ದಣಿವು ಅದು. ಇವರಿಗೆ ಕಲ್ಲು ಕಾಣುವುದಿಲ್ಲ, ನಕ್ಷೆ ಕಾಣುವುದಿಲ್ಲ, ತಾನಂತೂ ಕಾಣುವುದೇ ಇಲ್ಲ. ಇವರಿಗೆ ಕಾಣುವುದೇನು ಎಂದು ಯೋಚಿಸುತ್ತ ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕುವಾಗ ಕೈಗೆ ತಾಯಿಯ ತೆಂಗಿನಕಾಯಿ ತಗಲಿತು.

ಅಕ್ಕನಾಗಮ್ಮ ಕಾಯಿ ಹೊರಗೆ ತೆಗೆದಳು. ಚಪ್ಪಲಿ ಬಿಟ್ಟಳು. ಸೆರಗನ್ನು ಸುತ್ತಿ ಸಿಕ್ಕಿಸಿಕೊಂಡು, ಎಡಗೈಯನ್ನು ಎದೆಗಿಟ್ಟು, ಬಲ ಅಂಗೈ ಮೇಲೆ ಕಾಯಿಯನ್ನು ಮಲಗಿಸಿ, ಕಣ್ಣು ಅರೆಮುಚ್ಚಿ ನಡೆಯತೊಡಗಿದಳು. ಸುಂಕಪ್ಪ ಹೀಗೆ ನಡೆಯುವುದನ್ನು ಅವಳು ಸಣ್ಣವಳಿದ್ದಾಗಿನಿಂದ ನೋಡಿದ್ದಳು.

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಯಾರೋ ಅಳುವ ಕೂಸಿನ ಬಾಯಿಗೆ ಕೈ ಅಡ್ಡ ಹಿಡಿದರು. ಗಾದಿಲಿಂಗಪ್ಪನ ಮನೆಯ ಮುಂದೆ ಕಾಯಿ ಅಲುಗಲಿಲ್ಲ. ದೊಡ್ಡಬಸಮ್ಮನ ಕಟ್ಟೆಯ ಹತ್ತಿರ ಚೂರು ನಡುಗಿತು. ಪಾಪ ಅವಳೂ ಉಸಿರು ಹಿಡಿದು ನಿಂತಿದ್ದಳು. ಕೊಟ್ರಬಸಮ್ಮನ ಅರ್ಧ ಕಟ್ಟಿದ ಗೋಡೆಯ ಬಳಿ ಬಂದಾಗ ಅಕ್ಕನಾಗಮ್ಮ ಹೆಬ್ಬೆರಳನ್ನು ಕಾಯಿಯ ಬುಡಕ್ಕೆ ಕೊಟ್ಟು ಮೆಲ್ಲಗೆ ಒತ್ತಿದಳು. ಕಾಯಿ, ಪಾಠ ಕೇಳಿ ಎದ್ದ ವಿದ್ಯಾರ್ಥಿಯಂತೆ, ಜುಟ್ಟು ಮೇಲೆ ಮಾಡಿ ನೆಟ್ಟಗೆ ನಿಂತಿತು.

"ಶಿವಶಿವಾ," ಎಂದಳು ಕೊಟ್ರಬಸಮ್ಮ, ಕೈ ಮುಗಿದು. "ನನ್ನ ಮನಿ ಬುಡಕ್ಕ ಗಂಗಮ್ಮ ಕುಂತಾಳ, ನೋಡ್ರಿ. ನಾನು ಅಂದಿದ್ದಿಲ್ಲೇನು?"

ಆಮೇಲೆ ಒಬ್ಬರೂ ಎದುರು ಮಾತಾಡಲಿಲ್ಲ. ಗಾದಿಲಿಂಗಪ್ಪ ಲಾರಿಯನ್ನು ತಾನೇ ಹಿಂದಕ್ಕೆ ಮುಂದಕ್ಕೆ ಮಾಡಿಸಿ ನಿಲ್ಲಿಸಿದ. ಮುಂದಿನ ಬಸ್ಸು ಹತ್ತೂವರೆಗೆ. ಅಷ್ಟರಲ್ಲಿ ಹೆಂಗಸರು ಅಕ್ಕನಾಗಮ್ಮನ ಹಣೆಗೆ ಮೂರು ಬೆರಳಗಲ ಭಸ್ಮ ಬಳಿದು, ಚೆಂಡುಹೂವು ಮುಡಿಸಿ, ಯಂತ್ರ ಶುರುವಾಗುವಾಗ ಅವಳ ಕೈಯೇ ಮುಟ್ಟಬೇಕೆಂದು ಎಳೆದು ತಂದರು. ಯಂತ್ರ ಗುಡುಗಿತು. ನೆಲದಿಂದ ಚಿಮ್ಮಿದ ಬಿಳಿ ಕಲ್ಲಿನ ಹಿಟ್ಟು ಅವಳ ಇಸ್ತ್ರಿ ಮಾಡಿದ ನೀಲಿ ಸೀರೆ, ಕೂದಲು, ರೆಪ್ಪೆಗಳ ಮೇಲೆ ಸಮನಾಗಿ ಕೂತಿತು. ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಮುದುಕಿ ಸರಿದು ಕೂತು, "ಯಾವ ಗಿರಣಿ ನಿಂದು?" ಎಂದು ಕೇಳಿದಳು.

ಕಚೇರಿ ಮುಟ್ಟಿದಾಗ ಹನ್ನೆರಡಾಗಿತ್ತು. ಗುಡಿಗೆ ಹೋಗಲು ಹೊತ್ತೂ ಇರಲಿಲ್ಲ, ಕಾಯಿಯೂ ಇರಲಿಲ್ಲ. ಅದನ್ನು ಜನ ಬೋರಿನ ಪಕ್ಕ ಕೂರಿಸಿ ಕುಂಕುಮ ಹಚ್ಚಿದ್ದರು. ಹನ್ನೆರಡಕ್ಕೆ ಕರೆದವರು ಮೂರರವರೆಗೆ ಬೆಂಚಿನ ಮೇಲೆ ಕೂರಿಸಿದರು. ಬೆಂಚಿನ ಇನ್ನೊಂದು ತುದಿಯಲ್ಲಿ ಚಂದ್ರಣ್ಣ ಕೂತಿದ್ದ. ಮೂರು ವರ್ಷ ಅವಳ ಪ್ರಾಕ್ಟಿಕಲ್ ಪುಸ್ತಕ ನಕಲು ಮಾಡಿದ ಸಹಪಾಠಿ. ಈಗ ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ.

"ನಿನಗ ಆಗಲಿ ಬಿಡು ನಾಗಮ್ಮ," ಎಂದ ಅವನು ಮನಸಾರೆ. "ನಾನು ಸುಮ್ಮನ ಬಂದೀನಿ, ಅಪ್ಪನ ಕಾಟಕ್ಕ. ಒಂದು ಕೇಳಲೇನು? ಆ ಬಿಳಿ ಕಲ್ಲು ಎರಡು ಇದ್ವಲ್ಲ, ಒಂದು ಗೀರು ಬೀಳತಿತ್ತು, ಇನ್ನೊಂದು ಬೀಳತಿದ್ದಿಲ್ಲ. ಗೀರು ಬೀಳದಿದ್ದದ್ದು ಯಾವುದು?"

"ಕ್ವಾರ್ಟ್ಜ್."

"ಹೌದೌದು. ಕೇಳಿದ್ರ ಇರಲಿ ಅಂತ," ಎಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

ಒಳಗೆ ಮೂವರು ಕೂತಿದ್ದರು. ನಡುವೆ ದಪ್ಪ ಕನ್ನಡಕದ ಹಿರಿಯ ಸಾಹೇಬರು, ಅವರ ಹೊಟ್ಟೆಗೂ ಮೇಜಿಗೂ ಜಾಗದ ತಕರಾರು. ಎಡಕ್ಕೆ ತೆಳ್ಳಗಿನವರೊಬ್ಬರು, ಬಲಕ್ಕೆ ಬರೀ ಬರೆಯುವವರೊಬ್ಬರು. ತೆಳ್ಳಗಿನವರು ಅವಳ ಹಣೆಯ ಭಸ್ಮ, ತಲೆಯ ಚೆಂಡುಹೂವು, ಮೈಮೇಲಿನ ಹಿಟ್ಟು ನೋಡಿ, "ಜಾತ್ರೆಯಿಂದ ಬಂದಿರಾ?" ಎಂದರು. ಆಮೇಲೆ ಹಿಂದಿನ ಐದೂ ಕಡೆ ಕೇಳಿದ್ದನ್ನೇ ಕೇಳಿದರು. "ಮದುವೆಯಾದ ಮೇಲೆ ಗಂಡ ಊರೂರು ತಿರುಗೋಕೆ ಬಿಡ್ತಾನಾ?"

"ಕೇಳಿ ನೋಡ್ತೀನಿ ಸರ್, ಸಿಕ್ಕ ಮೇಲೆ," ಎಂದಳು ಅಕ್ಕನಾಗಮ್ಮ. ಐದು ಸಲ ವಿನಯದಿಂದ ಉತ್ತರಿಸಿ ಅವಳ ವಿನಯ ಸವೆದಿತ್ತು.

ಹಿರಿಯ ಸಾಹೇಬರು ಮಾತ್ರ ನಕ್ಷೆ ನೋಡುತ್ತಿದ್ದರು. "ಇಂಥ ನೆಲದಲ್ಲಿ ಬೋರಿಗೆ ಜಾಗ ತೋರಿಸು ಅಂದರೆ ಎಲ್ಲಿ ತೋರಿಸ್ತೀರಿ?" ಎಂದರು.

ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದೇ ದಿನ ಎರಡು ಸಲ ಬಂದಿತ್ತು. ಅಕ್ಕನಾಗಮ್ಮ ಎದ್ದು ನಿಂತು ಹೇಳತೊಡಗಿದಳು. ಕರಿಕಲ್ಲಿನ ಗೋಡೆ ಎಲ್ಲಿ ಹುಟ್ಟಿ ಎಲ್ಲಿ ಹಾಯುತ್ತದೆ, ಬೇಸಿಗೆಯಲ್ಲೂ ಹಸಿರಾಗಿರುವ ಬೇವಿನ ಸಾಲು ಯಾಕೆ ಅದರ ಪಕ್ಕಕ್ಕೇ ಇದೆ, ಕಣಶಿಲೆ ಎಷ್ಟು ಅಡಿಗೆ ಬಿರುಕು ಬಿಡುತ್ತದೆ. ಕಲ್ಲುಗಳನ್ನು ಕಾಗದದಿಂದ ಬಿಚ್ಚಿ ಒಂದೊಂದಾಗಿ ಮೇಜಿನ ಮೇಲಿಟ್ಟಳು. ದಣಿವು ಎಲ್ಲಿಗೋ ಹೋಗಿತ್ತು. ಬರೆಯುವವರು ಬರೆಯುವುದನ್ನು ಬಿಟ್ಟು ಕೇಳುತ್ತಿದ್ದರು. ತೆಳ್ಳಗಿನವರೂ ಒಮ್ಮೆ ತಲೆಯಾಡಿಸಿದರು.

"ನೂರಿಪ್ಪತ್ತರಿಂದ ನೂರೈವತ್ತು ಅಡಿಯೊಳಗೆ ನೀರು ಸಿಗಬೇಕು ಸರ್. ಇವತ್ತು ಬೆಳಿಗ್ಗೆ ಅಲ್ಲೇ ಕೊರೆಯೋಕೆ ಶುರುಮಾಡಿದಾರೆ."

"ಇವತ್ತೇ?" ಹಿರಿಯ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಅಲ್ಲಿಗೆ ಫೋನ್ ಇದೆಯಾ?"

"ನಮ್ಮ ಓಣಿಯ ತುದಿಯಲ್ಲೇ ಪೋಸ್ಟಾಫೀಸಿದೆ ಸರ್."

ಸಾಹೇಬರು ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದರು. ಕಾಯುತ್ತಿದ್ದಾಗ ಅವಳಿಗೆ ಚಹಾ ತರಿಸಿದರು. ಐದು ಸಂದರ್ಶನಗಳಲ್ಲಿ ಯಾರೂ ಚಹಾ ಕೊಟ್ಟಿರಲಿಲ್ಲ. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಇದು ಇಲಾಖೆಯ ಕಪ್ಪು, ನಾಳೆಯಿಂದ ದಿನಾ ಇದರಲ್ಲೇ ಕುಡಿಯಬಹುದು ಎಂದುಕೊಂಡಳು. ಇಪ್ಪತ್ತು ನಿಮಿಷಕ್ಕೆ ಫೋನು ಹೊಡೆದುಕೊಂಡಿತು. ಫೋನಿನಲ್ಲಿ ಗಾದಿಲಿಂಗಪ್ಪನಿದ್ದ. ಕುರುಗೋಡಿನಿಂದ ಬಳ್ಳಾರಿಗೆ ದನಿ ತಂತಿಯಿಲ್ಲದೆಯೇ ಮುಟ್ಟಬೇಕು ಎಂಬಂತೆ ಅವನು ಮಾತಾಡುತ್ತಿದ್ದ; ಮೂವರಿಗೂ ಕೇಳಿಸಿತು.

"ಬಂತ್ರಿ ಸಾಹೇಬ್ರ. ನೂರಾ ಮೂವತ್ತು ಅಡಿಗೆ ಬಂತ್ರಿ. ಆಳೆತ್ತರ ಚಿಮ್ಯಾವ ನೀರು."

ಸಾಹೇಬರು ಅವಳ ಕಡೆ ನೋಡಿದರು. ಆ ನೋಟದಲ್ಲಿ ಗೌರವವಿತ್ತು. "ಅಂದರೆ ಇವರು ಹೇಳಿದ ಕಪ್ಪು ಕಲ್ಲಿನ ಗೋಡೆ ಪಕ್ಕದಲ್ಲೇ ಅಲ್ಲವೇನ್ರಿ?"

"ಗ್ವಾಡಿ ಗೀಡಿ ಏನಿಲ್ರಿ. ಕಾಗದ ಹಿಡಕೊಂಡು ಅದೇನೋ ಹೇಳಾಕ ಬಂದಿದ್ಲು, ನಾನು ಬೈದು ಬಿಡಿಸಿದೆ. ಆಮ್ಯಾಲೆ ಕಾಯಿ ಹಿಡದಳು ನೋಡ್ರಿ. ಏನು ಕಾಯಿ ಅಂತೀರಿ. ಸುಂಕಪ್ಪನ ಕಾಯಿ ವಾಲಾಡತೈತಿ, ಇಕಿ ಕಾಯಿ ಕಂಬ ನಿಂತಂಗ ನಿಂತಿತು. ಕೆಲಸ ಕೊಡ್ರಿ ಸಾಹೇಬ್ರ ನಮ್ಮ ಹುಡಿಗಿಗೆ. ಇಂಥ ಕೈ ನಿಮಗ ಸಿಗಂಗಿಲ್ಲ."

ಸಾಹೇಬರು ಫೋನು ಇಟ್ಟರು.

"ತೆಂಗಿನಕಾಯಿ ಹಿಡಿದದ್ದು ನಿಜವೇ?" ಎಂದರು ತೆಳ್ಳಗಿನವರು.

ಸುಳ್ಳು ಹೇಳಬಹುದಿತ್ತು. ಆದರೆ ಹಣೆಯ ಮೇಲೆ ಭಸ್ಮವಿತ್ತು, ತಲೆಯಲ್ಲಿ ಹೂವಿತ್ತು. "ನಿಜ ಸರ್. ಆದರೆ ಕಾಯಿ ನಿಂತ ಕಡೆ ನೀರು ಬಂದದ್ದಲ್ಲ. ನೀರಿರುವ ಕಡೆ ನಾನು ಕಾಯಿ ನಿಲ್ಲಿಸಿದೆ. ಬೇರೆ ಹೇಗೂ ಅವರು ಕೇಳಲಿಲ್ಲ."

"ಮೂರು ವರ್ಷ ವಿಜ್ಞಾನ ಓದಿ," ಎಂದು ಶುರುಮಾಡಿದ ತೆಳ್ಳಗಿನವರು ವಾಕ್ಯವನ್ನು ಮುಗಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಬರೆಯುವವರು ಅವಳ ಹೆಸರಿನ ಮುಂದೆ ಒಂದೇ ಒಂದು ಸಣ್ಣ ಶಬ್ದ ಬರೆದರು. ಓದದೆಯೇ ಅದು ಏನೆಂದು ಅವಳಿಗೆ ಗೊತ್ತಾಯಿತು. ಕಲ್ಲುಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿಕೊಂಡಳು. ಬೆಳಿಗ್ಗೆಗಿಂತ ಅವು ಭಾರವಾಗಿದ್ದವು.

ಹೊರಗೆ ಚಂದ್ರಣ್ಣ ಅಂಗೈ ನೋಡಿಕೊಳ್ಳುತ್ತ ಒಳಗೆ ಹೋದ. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ ಬೂಟಿನ ಸದ್ದು ಕೇಳಿಸಿತು. ಚಂದ್ರಣ್ಣನನ್ನು ಉಳಿದಿಬ್ಬರಿಗೆ ಬಿಟ್ಟು ಹಿರಿಯ ಸಾಹೇಬರು ಏದುಸಿರು ಬಿಡುತ್ತ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಈ ಪಟ್ಟಿಯಲ್ಲಿ ನಿಮ್ಮ ಹೆಸರು ಬರೋದು ಕಷ್ಟಮ್ಮ. ಇದು ವಿಜ್ಞಾನದ ಇಲಾಖೆ. ಆದರೆ ಮೂರು ತಿಂಗಳಲ್ಲಿ ಇನ್ನೊಂದು ಹುದ್ದೆ ಖಾಲಿಯಾಗುತ್ತೆ. ಅದು ನನ್ನ ಕೈಲಿದೆ." ಮತ್ತೊಮ್ಮೆ ಅತ್ತಿತ್ತ ನೋಡಿದರು. "ಕೋಟೆ ಗುಡ್ಡದ ಹಿಂದೆ ನನ್ನದೊಂದು ಸೈಟಿದೆ. ಎರಡು ಬೋರು ಹಾಕಿಸಿದೆ, ಎರಡೂ ಒಣ. ಭಾನುವಾರ ಬಂದು ಒಂದು ಜಾಗ ತೋರಿಸಿ. ನೀರು ಬಂದರೆ ಆ ಹುದ್ದೆ ನಿಮ್ಮದೇ ಅಂದುಕೊಳ್ಳಿ."

"ನಕ್ಷೆ ಮಾಡಬೇಕಾಗುತ್ತೆ ಸರ್. ಸುತ್ತಿಗೆ ತರಲಾ?"

"ನಕ್ಷೆ ಬೇಡ, ನಾನೇ ಮಾಡಿದೀನಿ. ಕಾಯಿ ತನ್ನಿ." ಸ್ವಲ್ಪ ಯೋಚಿಸಿದರು. "ಬೇಡ, ಕಾಯಿ ನಾನೇ ತರ್ತೀನಿ. ಜುಟ್ಟು ಇರಬೇಕಲ್ಲವಾ?"

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಕ್ಕನಾಗಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆದರೂ ದಾರಿಬದಿಯ ಬಯಲಿನ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಅವಳ ಮನಸ್ಸು ತಾನಾಗಿ ಲೆಕ್ಕ ಹಾಕತೊಡಗಿತ್ತು. ಭಾನುವಾರ ಬೆಳಿಗ್ಗೆ ಹೋಗಿ ಸೈಟಿನ ಸುತ್ತ ಒಮ್ಮೆ ನಡೆದರೆ ಎಲ್ಲಾದರೂ ಒಂದು ಬಿರುಕು ಸಿಗದೇ ಹೋಗುತ್ತದೆಯೇ. ಕಾಯಿ ಹಿಡಿದು ಬೇಕಾದರೂ ತೋರಿಸಿದರಾಯಿತು. ಮೂರು ತಿಂಗಳೆಂದರೆ ಎಷ್ಟು. ಸಿರುಗುಪ್ಪದ ಶಾಲೆಗೆ ಬರುವುದಿಲ್ಲವೆಂದು ಬರೆದುಬಿಡಬಹುದು. ಇಷ್ಟು ಸಣ್ಣ ಆಸೆಗೆ ಇಷ್ಟು ಬೇಗ ಎದ್ದು ನಿಲ್ಲುವ ಮನಸ್ಸಿನ ಮೇಲೆ ಅವಳಿಗೇ ಬೇಸರವಾಯಿತು. ಆದರೂ ಅದು ನಿಂತೇ ಇತ್ತು.

ಓಣಿಗೆ ಬಂದಾಗ ಇನ್ನೂ ಬೆಳಕಿತ್ತು. ಲಾರಿ ಹೋಗಿತ್ತು. ನೆಲದಿಂದ ಒಂದು ಮೊಳ ಕಬ್ಬಿಣದ ಕೊಳವೆ ಮೇಲೆದ್ದು ನಿಂತಿತ್ತು. ಪಂಪು ಕೂರಿಸುವುದು ಮುಂದಿನ ವಾರ. ಆದರೆ ಹೆಂಗಸರು ಇಂದೇ ಕೊಡಗಳನ್ನು ಸಾಲಾಗಿ ಇಟ್ಟು ಸರದಿ ಹಿಡಿದಿದ್ದರು. ಕೊಳವೆಗೆ ಕೊಟ್ರಬಸಮ್ಮ ತನ್ನ ಎಮ್ಮೆ ಕಟ್ಟಿದ್ದಳು. "ನನ್ನ ಬೋರಿಗೆ ಯಾರೂ ಚಪ್ಪಲಿ ಹಾಕ್ಕೊಂಡು ಬರಬ್ಯಾಡ್ರಿ" ಎಂದು ಹೇಳುತ್ತ ಕೂತಿದ್ದಳು.

ಅಕ್ಕನಾಗಮ್ಮನ ಮನೆಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಒಬ್ಬ ಮುದುಕ ಕೂತಿದ್ದ. ಹಚ್ಚೊಳ್ಳಿ ಸುಂಕಪ್ಪ.

"ಜ್ವರ ಹೆಂಗೈತಿ ತಾತ?" ಎಂದಳು ಅಕ್ಕನಾಗಮ್ಮ, ಅಳುಕುತ್ತ.

"ಎಲ್ಲೀ ಜ್ವರ. ನಿಮ್ಮ ಓಣಿ ಹೆಂಗಸರಿಗೆ ಅಂಜಿ ಮಲಗಿದ್ದೆ. ಯಾರ ಮನಿ ಮುಂದ ತೋರಿಸಿದ್ರೂ ಉಳಿದ ಮನಿಯವರು ಸಾಯೋತನ ಬೈತಾರ." ಅವನು ಹತ್ತಿರಕ್ಕೆ ಬಾ ಎಂದು ಕೈ ಮಾಡಿದ. "ಹೆಂಗ ನಿಲ್ಲಿಸಿದಿ? ಬುಡಕ್ಕ ಏನು ಕೊಟ್ಟಿ?"

"ಹೆಬ್ಬೆರಳು."

"ಹೆಬ್ಬೆರಳು ಕಾಣತೈತಿ. ಕಿರುಬೆರಳು ರೂಢಿ ಮಾಡು. ಜಾಗ ಹೆಂಗ ಹಿಡಿದಿ, ಅದನ್ನ ಹೇಳು."

ಅವಳು ಹೇಳಿದಳು. ಸುಂಕಪ್ಪ ನಡುವೆ ಬಾಯಿ ಹಾಕದೆ ಕೇಳಿದ. ಆ ದಿನ ಅವಳ ಮಾತನ್ನು ಕೊನೆತನಕ ಕೇಳಿ, ಕೊನೆತನಕ ನಂಬಿದವನು ಅವನೊಬ್ಬನೇ.

"ಕರಿಗುಂಡಿನ ಸಾಲು, ಬೇವಿನ ಸಾಲು," ಎಂದ ಅವನು. "ನಾನೂ ಅದನ್ನ ನೋಡಾದು. ನಮ್ಮ ಮಾವ ಒಂದು ಸುಗ್ಗ್ಯಾಗ ಕಲಿಸಿದ. ಜನಕ್ಕ ಕಲ್ಲು ಅಂದ್ರ ನಂಬಿಕಿ ಬರಂಗಿಲ್ಲ, ಅದಕ್ಕ ಕಾಯಿ ಹಿಡಿಯೋದು. ನೀನು ಮೂರು ವರ್ಸ ಕಲಿತೇನು? ಇರಲಿ, ಸಾವಕಾಶ ಕಲಿತದ್ದು ಗಟ್ಟಿ ಇರತೈತಿ."

ಅಕ್ಕನಾಗಮ್ಮ ಅವನ ಪಕ್ಕದಲ್ಲಿ ಕೂತಳು. ಹಣೆಯ ಭಸ್ಮ ಒರೆಸಿಕೊಳ್ಳುತ್ತ ಭಾನುವಾರದ ಮಾತು ಹೇಳಿದಳು. ಕೋಟೆ ಗುಡ್ಡದ ಹಿಂದಿನ ಸೈಟು, ದಪ್ಪ ಕನ್ನಡಕದ ಸಾಹೇಬರು, ನೀರು ಬಂದರೆ ಸಿಗುವ ಕೆಲಸ. ಹೇಳಿ ಮುಗಿಸುವಷ್ಟರಲ್ಲಿ ಸುಂಕಪ್ಪ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಿದ್ದ.

"ಹಸಿರು ಬಣ್ಣದ ಗೇಟು? ಒಳಗ ಒಂದು ಕರಿಬೇವಿನ ಗಿಡ?"

"ಸೈಟು ನಾನು ನೋಡಿಲ್ಲ. ನಿನಗ ಹೆಂಗ ಗೊತ್ತು?"

"ಆ ಎರಡು ಬೋರಿಗೂ ನಾನ ಕಾಯಿ ನಿಲ್ಲಿಸೀನವ್ವ," ಎಂದ ಸುಂಕಪ್ಪ. "ಗುಡ್ಡದ ಬೇರು ಅದು. ಒಂದೇ ಕಲ್ಲು. ಬಿರುಕಿಲ್ಲ, ಸೀಳಿಲ್ಲ. ಪಾತಾಳಕ್ಕ ಹೋದ್ರೂ ಅದೇ ಕಲ್ಲು."

"ಗೊತ್ತಿದ್ದೂ ಯಾಕ ನಿಲ್ಲಿಸಿದಿ?"

"ಇಲ್ಲಿ ನೀರಿಲ್ರಿ ಅಂತ ಮೊದಲು ಹೇಳಿದೆ. 'ಕಲ್ಲಿನ ವಿಷಯ ನನಗ ಕಲಿಸಬ್ಯಾಡ, ಅದನ್ನ ಓದಿ ಸಾಹೇಬ ಆದಾಂವ ನಾನು, ನೀನು ಕಾಯಿ ಹಿಡಿ' ಅಂದ್ರು. ಹಿಡಿದೆ."

ಒಳಗಿನಿಂದ ಶಿವಬಸಮ್ಮ ಖಾಲಿ ಕೊಡ ಹಿಡಿದು ಬಂದಳು. ಚೇರ್ಮನ್ ಎಲ್ಲ ಹೇಳಿದ್ದಿರಬೇಕು, ಅವಳ ಮುಖ ಅರಳಿತ್ತು. "ಸಾಹೇಬ್ರು ಫೋನ್ ಮಾಡಿ ಕೇಳಿದ್ರಂತಲ್ಲ. ಇನ್ನ ಕೆಲಸ ಆದಂಗ. ಮತ್ತ ಬಳ್ಳಾರಿಗೆ ಯಾವಾಗ ಕರದಾರ? ಹೊಸಾ ಕಾಯಿ ತಂದಿಟ್ಟೀನಿ."

ಅಕ್ಕನಾಗಮ್ಮ ತಾಯಿಯ ಕೈಯಿಂದ ಕೊಡ ತೆಗೆದುಕೊಂಡು ಸೊಂಟದ ಮೇಲಿಟ್ಟುಕೊಂಡಳು. ಕೊಟ್ರಬಸಮ್ಮನ ಗೋಡೆಯ ಪಕ್ಕದ ಸಾಲಿನಲ್ಲಿ ಹತ್ತು ಕೊಡಗಳಿದ್ದವು. ಇವರದು ಹನ್ನೊಂದನೆಯದು.

"ಚಟ್ನಿ ಮಾಡು ಯವ್ವ," ಎಂದಳು. "ಸೋಮವಾರ ಸಿರುಗುಪ್ಪಕ್ಕ ಹೋಗಬೇಕು, ಬುತ್ತಿಗೆ ಆಗತೈತಿ."